ಬ್ಲೂಗ್ರಾಸ್‌ಗೆ ಕಿವಿ ಪಳಗಿಸಿಕೊಂಡ ಬಗೆ

ಅಮೆರಿಕದ ತಂತಿವಾದ್ಯಗಳ ಹಳ್ಳಿ ಸಂಗೀತವಾದ ಬ್ಲೂಗ್ರಾಸ್ ಕೇಳಲು ಕೂತವರ ಕಿವಿ ಮೊದಲು ಬ್ಯಾಂಜೋ ಎಂಬ ಮೀಟುವ ವಾದ್ಯದ ಹಿಂದೆ ಓಡುತ್ತದೆ. ಹಿಡಿತ ತಪ್ಪುವುದೇ ಅಲ್ಲಿ. ಸ್ವರಗಳು ಎಡೆಬಿಡದೆ ಉದುರುತ್ತವೆ, ಎರಡು ಹಾಡು ಮುಗಿಯುವಷ್ಟರಲ್ಲಿ ‘ಎಲ್ಲಾ ಒಂದೇ ಥರ ಇದೆಯಲ್ಲ’ ಅನ್ನಿಸುತ್ತದೆ. ನಾನು ತಳದಿಂದ ಮೇಲಕ್ಕೆ ಕೇಳುತ್ತೇನೆ: ಮೊದಲು ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ), ಆಮೇಲೆ ಮ್ಯಾಂಡೊಲಿನ್, ಕೊನೆಗೆ ಬ್ಯಾಂಜೋ.

ಮೂಲ ಶೈಲಿಯಲ್ಲಿ ಡ್ರಮ್ ಇಲ್ಲ. ನಾಲ್ಕೆಣಿಕೆಯಲ್ಲಿ ಒಂದು ಮತ್ತು ಮೂರಕ್ಕೆ ಬಾಸ್, ಎರಡು ಮತ್ತು ನಾಲ್ಕಕ್ಕೆ ಮ್ಯಾಂಡೊಲಿನ್‌ನ ‘ಚಾಪ್’. ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಮೀಟಿದ ಕೂಡಲೇ ಎಡಗೈ ಬೆರಳು ಸಡಿಲಿಸಿ ನಾದ ಅಡಗಿಸುತ್ತಾರೆ. ಉಳಿಯುವುದು ‘ಚಕ್’ ಅನ್ನುವ ಪೆಟ್ಟು ಮಾತ್ರ. ಬಾಸ್‌ಗೆ ಕಾಲು ತಟ್ಟಿ, ಚಾಪ್‌ಗೆ ಚಪ್ಪಾಳೆ ಹಾಕಿ. ಫೋನಿನ ಸ್ಪೀಕರಿನಲ್ಲಿ ಬಾಸ್ ಸಿಕ್ಕುವುದೇ ಇಲ್ಲ, ಹೆಡ್‌ಫೋನ್ ಬೇಕು. ಎಣಿಕೆ ತಪ್ಪುತ್ತಿದ್ದರೆ ಪ್ಲೇಬ್ಯಾಕ್ ವೇಗವನ್ನು 0.75ಕ್ಕೆ ಇಳಿಸಿ.

ಅಭ್ಯಾಸಕ್ಕೆ, ಬ್ಲೂಗ್ರಾಸ್ ಜನಕ ಎನ್ನಿಸಿಕೊಂಡ ಬಿಲ್ ಮನ್ರೋ ಅವರ ‘ಬ್ಲೂ ಮೂನ್ ಆಫ್ ಕೆಂಟಕಿ’ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 1946ರ ಧ್ವನಿಮುದ್ರಣ ಪೂರ್ತಿ ಮೂರೆಣಿಕೆಯ ವಾಲ್ಟ್ಸ್. 1954ರಲ್ಲಿ ಎಲ್ವಿಸ್ ಪ್ರೆಸ್ಲಿ ಅದನ್ನು ನಾಲ್ಕೆಣಿಕೆಯಲ್ಲಿ ಓಡಿಸಿದ ಮೇಲೆ ಮನ್ರೋ ಅದೇ ವರ್ಷ ಮತ್ತೆ ಮುದ್ರಿಸಿದರು: ಶುರು ಮೂರರಲ್ಲಿ, ನಡುವೆ ದಿಢೀರನೆ ನಾಲ್ಕಕ್ಕೆ ಜಿಗಿತ. ಎರಡನ್ನೂ ಒಂದಾದ ಮೇಲೊಂದು ಹಾಕಿ, ಆ ಜಿಗಿತದಲ್ಲಿ ಕಾಲು ತಪ್ಪದಿದ್ದರೆ ಮುಂದೆ ಹೋಗಬಹುದು.

ಇನ್ನು ಬ್ಯಾಂಜೋ. ಐದು ತಂತಿ, ಐದನೆಯದು ಗಿಡ್ಡ, ಐದನೇ ಫ್ರೆಟ್ಟಿನ (ಮೆಟ್ಟಿಲಿನ) ಹತ್ತಿರದಿಂದ ಶುರು, ಹೆಬ್ಬೆರಳಿಗೆ ಮೀಸಲು. ಬ್ಯಾಂಜೋ ವಾದಕ ಅರ್ಲ್ ಸ್ಕ್ರಗ್ಸ್ ನೆಲೆಗೊಳಿಸಿದ ಶೈಲಿಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಸರದಿಯ ಮೇಲೆ ಮೀಟುತ್ತವೆ. ಒಂದು ಆವರ್ತಕ್ಕೆ ಎಂಟು ಸ್ವರ, ಅದನ್ನು ಹೆಚ್ಚಾಗಿ 3+3+2 ಎಂದು ಒಡೆಯುತ್ತಾರೆ. ಒತ್ತು ಕಾಲಿನ ಜತೆ ಬೀಳದೆ ಜಾರುವುದು ಅದಕ್ಕೇ. ತಾಳ ಹಾಕಿ ಕೇಳುವ ನಮ್ಮವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಎಂಟರಲ್ಲಿ ಜೋರಾಗಿ ಬೀಳುವ ಕೆಲವೇ ಸ್ವರಗಳು ಹಾಡಿನ ಧಾಟಿ, ಮಿಕ್ಕವು ತುಂಬುವ ಸ್ವರಗಳು. ಎಲ್ಲವನ್ನೂ ಹಿಡಿಯಲು ಹೋದರೆ ಧಾಟಿಯೇ ಕೈತಪ್ಪುತ್ತದೆ.

1949ರ ‘ಫಾಗಿ ಮೌಂಟನ್ ಬ್ರೇಕ್‌ಡೌನ್’ ಕೇಳುವಾಗ ಒಂದು ಜಾಗ ಗಮನಿಸಿ. ಸ್ಕ್ರಗ್ಸ್ ಇ ಮೈನರ್ ಕಾರ್ಡ್‌ಗೆ ಇಳಿದಾಗ ಗಿಟಾರಿನಲ್ಲಿ ಲೆಸ್ಟರ್ ಫ್ಲಾಟ್ ಇ ಮೇಜರ್ ಹಿಡಿದಿದ್ದಾರೆ. ಇ ಅನ್ನು ಷಡ್ಜ ಅಂದುಕೊಂಡರೆ, ಒಬ್ಬರದು ಸಾಧಾರಣ ಗಾಂಧಾರ, ಇನ್ನೊಬ್ಬರದು ಅಂತರ ಗಾಂಧಾರ, ಎರಡೂ ಒಟ್ಟಿಗೆ! ಪುಸ್ತಕದ ಪ್ರಕಾರ ತಪ್ಪು. ಆದರೆ ತಿದ್ದಿ ನುಡಿಸಿದ ಆವೃತ್ತಿಗಳಲ್ಲಿ ಆ ಖಾರ ಇಲ್ಲ.

ಹಾಡುಗಾರಿಕೆಯಲ್ಲಿ ನಡುವಿನ ದನಿ ಲೀಡ್ (ಧಾಟಿ ಹಾಡುವುದು), ಮೇಲಿನದು ಟೆನರ್, ಕೆಳಗಿನದು ಬ್ಯಾರಿಟೋನ್. ಸ್ಟ್ಯಾನ್ಲಿ ಸಹೋದರರ ಹಾಡಿನಲ್ಲಿ ಕಾರ್ಟರ್ ಲೀಡ್, ರಾಲ್ಫ್ ಟೆನರ್. ಮೊದಲು ರಾಲ್ಫ್ ಅವರ ದನಿಯನ್ನಷ್ಟೇ ಹಿಂಬಾಲಿಸಿ, ಆಮೇಲೆ ಉಳಿದವು ತಾವಾಗಿ ಬಿಡಿಯಾಗುತ್ತವೆ.