ಮಸಿ, ಮುರಕಲ್ಲು ಧೂಳು ಮತ್ತು ರಿಮೋಟಿನ ಎಲ್‌ಇಡಿ

ಗಾಳಿಯಲ್ಲಿರುವ ಮಸಿಯೂ ಬಿಸಿಲು ಹೀರುತ್ತದೆ, ಮರುಭೂಮಿ ಧೂಳೂ ಹೀರುತ್ತದೆ. ಆದರೆ ಎರಡೂ ಹೀರುವ ಬಣ್ಣ ಬೇರೆ. ಉಡುಪಿಯ ನಮ್ಮ ಮನೆಯಲ್ಲೇ ಇದನ್ನು ನೋಡೋಣ ಅಂತ ಹೊರಟೆ.

ಬೇಕಾದದ್ದು ಗಾಳಿ ಎಳೆಯುವ ಸಣ್ಣ ಪಂಪ್, ಬಿಳಿ ಫಿಲ್ಟರ್ ಪೇಪರ್, ನೀಲಿ ಮತ್ತು ಕೆಂಪು ಎಲ್‌ಇಡಿ, ಬಿದ್ದ ಬೆಳಕಿಗೆ ತಕ್ಕಂತೆ ಕರೆಂಟು ಕೊಡುವ ಒಂದು ಫೋಟೋಡಯೋಡ್, ಅದನ್ನು ಅಳೆಯಲು ಮಲ್ಟಿಮೀಟರ್. ಜೊತೆಗೆ ಹಳೇ ಟಿವಿ ರಿಮೋಟಿನಿಂದ ಕಿತ್ತ ಎಲ್‌ಇಡಿ. ಅದರ ಬೆಳಕು ಕಣ್ಣಿಗೆ ಕಾಣದು, ಸುಮಾರು 940 ನ್ಯಾನೋಮೀಟರಿನ ಅವಕೆಂಪು. ಖಾಲಿ ಪೇಪರಿನಲ್ಲಿ ಎಷ್ಟು ಬೆಳಕು ದಾಟುತ್ತದೆ ಅಂತ ಮೊದಲೇ ಬರೆದಿಟ್ಟುಕೊಂಡು, ಗಾಳಿ ಎಳೆದಾದ ಮೇಲೆ ಅದೇ ಪೇಪರನ್ನು ಮತ್ತೆ ಅಳೆದು ಹೋಲಿಸುವುದು, ಅಷ್ಟೇ.

ಮಸಿಗೆ ಚಿಮಣಿ ದೀಪ ಸಾಕಾಯಿತು. ಅರಬ್ ದೇಶದ ಧೂಳು ಬೇಸಿಗೆಯಲ್ಲಿ ಸಮುದ್ರ ದಾಟಿ ನಮ್ಮ ಕರಾವಳಿಗೆ ಬರುವುದುಂಟು, ಆದರೆ ಬೇಕೆಂದಾಗ ಸಿಗಬೇಕಲ್ವಾ? ಅದರ ಬದಲಿಗೆ ಮುರಕಲ್ಲು, ಅಂದರೆ ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆ, ಕೊಯ್ಯುವಲ್ಲಿಂದ ಧೂಳು ತಂದು ಬಟ್ಟೆಯಲ್ಲಿ ಜರಡಿ ಹಿಡಿದೆ. ಎರಡು ಧೂಳಿಗೂ ಕೆಂಪು ಬರುವುದು ಕಬ್ಬಿಣದ ಆಕ್ಸೈಡಿನಿಂದಲೇ.

ಮಸಿ ಪೇಪರ್ ನೀಲಿ, ಕೆಂಪು, ಅವಕೆಂಪು ಮೂರನ್ನೂ ನುಂಗಿತು, ನೀಲಿಯನ್ನು ಸ್ವಲ್ಪ ಜಾಸ್ತಿ. ಮುರಕಲ್ಲು ಪೇಪರಿನಲ್ಲಿ ನೀಲಿ ಧಡಕ್ಕನೆ ಇಳಿಯಿತು, ಕೆಂಪು ಅಷ್ಟಾಗಿ ಇಳಿಯಲಿಲ್ಲ, ರಿಮೋಟಿನ ಬೆಳಕು ಹೆಚ್ಚೂಕಡಿಮೆ ಹಾಗೇ ದಾಟಿತು. ಗಾಳಿಯ ಮಸಿ ಅಳೆಯುವ ಏಥಲೋಮೀಟರ್ ಅನ್ನುವ ಯಂತ್ರ 370ರಿಂದ 950 ನ್ಯಾನೋಮೀಟರ್‌ವರೆಗೆ ಏಳು ಬಣ್ಣದಲ್ಲಿ ಅಳೆದರೂ ಮಸಿಯ ಲೆಕ್ಕಕ್ಕೆ 880ರ ಅವಕೆಂಪನ್ನೇ ಹಿಡಿಯುವುದು ಇದಕ್ಕೇ, ಅಲ್ಲಿ ಧೂಳು ಅಷ್ಟಾಗಿ ಅಡ್ಡ ಬರುವುದಿಲ್ಲ.

ಪೇಪರ್ ತೀರಾ ಕಪ್ಪಾಗಲು ಬಿಡಬೇಡಿ, ತಿಳಿ ಬೂದು ಬಣ್ಣಕ್ಕೇ ನಿಲ್ಲಿಸಿ. ಕಪ್ಪಾದಷ್ಟೂ ಹೊಸ ಮಸಿ ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನೊಂದು, ಬೆಳಕು ಪೇಪರಿನ ನಾರಿನೊಳಗೆ ಸುತ್ತಾಡಿ ಬರುವುದರಿಂದ ಬಯಲ ಗಾಳಿಯಲ್ಲಿ ಹೀರುವುದಕ್ಕಿಂತ ಇಲ್ಲಿ ಜಾಸ್ತಿ ಹೀರಿದ ಹಾಗೆ ಕಾಣುತ್ತದೆ. ದುಬಾರಿ ಯಂತ್ರಗಳಿಗೂ ಈ ತಿದ್ದುಪಡಿ ತಪ್ಪಿದ್ದಲ್ಲ.

ಈಗ ಚಳಿಗಾಲದ ಬೆಳಗ್ಗೆ, ಘಟ್ಟದ ಕಡೆಯಿಂದ ಗಾಳಿ ಬೀಸುವಾಗ, ತಾರಸಿಯಲ್ಲಿ ಪಂಪ್ ಇಡುತ್ತೇನೆ. ಇದೇ ಗಾಳಿ ಮುಂದೆ ಕಡಲಿಗೆ ಹೋಗುವುದು. 1999ರ ಇಂಡೋಎಕ್ಸ್ ಅಧ್ಯಯನದಲ್ಲಿ ಹಿಂದೂ ಮಹಾಸಾಗರದ ಮೇಲೆ ಕಂಡದ್ದೂ ಇಂಥ ಮಸಿ ಬೆರೆತ ಮಬ್ಬೇ: ನೀರಿಗೆ ಬೀಳುವ ಬಿಸಿಲು ಕಡಿಮೆ, ನಡುವಿನ ಗಾಳಿಗೆ ಕಾವು ಜಾಸ್ತಿ.

ತಲೆನೋವು ಬಚ್ಚಲ ಒಲೆಯದು. ಮಡಲು, ತೆಂಗಿನ ಸಿಪ್ಪೆ ಉರಿಸಿದ ಹೊಗೆಯಲ್ಲಿ ಮಸಿಯ ಜೊತೆ ಕಂದು ಅಂಟೂ ಇರುತ್ತದೆ, ಅದೂ ನೀಲಿಯನ್ನೇ ಹೆಚ್ಚು ಹೀರಿ ಸುಮ್ನೆ ಧೂಳಿನ ವೇಷ ಹಾಕುತ್ತದೆ. ಆಗ ಪೇಪರನ್ನು ಸ್ಪಿರಿಟಿನಲ್ಲಿ ನೆನೆಸುತ್ತೇನೆ. ಹೊಗೆಯ ಕಂದು ಬಹುಪಾಲು ಬಿಟ್ಟುಕೊಳ್ಳುತ್ತದೆ, ಮಣ್ಣಿನದು ಬಿಡುವುದಿಲ್ಲ.