ಮಕ್ಕಳ ಕಾದಂಬರಿಗೆ ಏಜೆಂಟ್ ಹುಡುಕುವ ಮುನ್ನ

ಚಿಕ್ಕಬಳ್ಳಾಪುರದ ಕಡೆಯಿಂದ ಮಕ್ಕಳಿಗಾಗಿ ಮೊದಲ ಕಾದಂಬರಿ ಬರೆದು ಮುಗಿಸಿದವರು ಈಚೆಗೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಸಾಹಿತ್ಯ ಏಜೆಂಟರನ್ನು ಹಿಡಿಯುವುದು ಹೇಗೆ? ನಾನು ತಿರುಗಿ ಕೇಳುವುದೂ ಒಂದೇ: ಬರೆದಿರುವುದು ಕನ್ನಡದಲ್ಲೋ, ಇಂಗ್ಲಿಷಿನಲ್ಲೋ? ದಾರಿ ಕವಲೊಡೆಯುವುದು ಅಲ್ಲಿಯೇ.

ಏಜೆಂಟ್ ಎಂದರೆ ಲೇಖಕನ ಪರವಾಗಿ ಹಸ್ತಪ್ರತಿಯನ್ನು ಪ್ರಕಾಶಕರಿಗೆ ತಲುಪಿಸಿ, ಒಪ್ಪಂದದ ಷರತ್ತುಗಳನ್ನು ಮಾತನಾಡಿ, ಲೇಖಕನಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇ. 15ರಷ್ಟನ್ನು ಪಡೆಯುವವರು. ಈಗ ಒಂದು ಲೆಕ್ಕ ಹಾಕಿ. 150 ರೂಪಾಯಿ ಮುಖಬೆಲೆಯ ಕನ್ನಡ ಪುಸ್ತಕದ 1,000 ಪ್ರತಿಗಳು ಪೂರ್ತಿ ಮಾರಾಟವಾಗಿ, ಶೇ. 10ರ ರಾಯಧನ ಪ್ರಾಮಾಣಿಕವಾಗಿ ಕೈಸೇರಿದರೂ ಲೇಖಕನಿಗೆ ದಕ್ಕುವುದು 15,000 ರೂಪಾಯಿ. ಅದರಲ್ಲಿ ಏಜೆಂಟರ ಪಾಲು 2,250. ಆ ಮೊತ್ತಕ್ಕಾಗಿ ಹಸ್ತಪ್ರತಿಯನ್ನು ಎರಡು ಸಲ ಓದಿ, ತಿದ್ದಿಸಿ, ನಾಲ್ಕು ಪ್ರಕಾಶಕರ ಬಾಗಿಲು ಬಡಿಯುವವರು ಯಾರಿದ್ದಾರೆ? ಕನ್ನಡದಲ್ಲಿ ಏಜೆಂಟರ ಕಸುಬು ಬೇರೂರದಿರುವುದಕ್ಕೆ ಈ ಲೆಕ್ಕಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ.

ಆದ್ದರಿಂದ ಕನ್ನಡದಲ್ಲಿ ಬರೆದವರು ನೇರವಾಗಿ ಪ್ರಕಾಶಕರಿಗೇ ಕಳುಹಿಸಬೇಕು. ಪುಸ್ತಕದಂಗಡಿಗೆ ಹೋಗಿ, ನಿಮ್ಮದರಂತಹ ಮಕ್ಕಳ ಪುಸ್ತಕಗಳನ್ನು ಯಾರು ತಂದಿದ್ದಾರೆಂದು ಒಳಪುಟದಲ್ಲಿ ನೋಡಿ ಬರೆದುಕೊಳ್ಳಿ. ಚಿತ್ರಪುಸ್ತಕದಷ್ಟು ಚಿಕ್ಕ ಕಥೆಯಾಗಿದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಮೊದಲಾದವು ಕನ್ನಡದಲ್ಲಿಯೂ ಪುಸ್ತಕ ಪ್ರಕಟಿಸುತ್ತವೆ. ಕಾದಂಬರಿಗೆ ಕನ್ನಡದ ಪ್ರಕಾಶಕರೇ ಸರಿ. ಕಳುಹಿಸುವ ಮುನ್ನ ಕಡತ ಯಾವ ಅಕ್ಷರದಲ್ಲಿರಬೇಕೆಂದು ಕೇಳಿ ತಿಳಿಯಿರಿ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಯೂನಿಕೋಡ್ ಪ್ರತಿಯೊಂದಿಗೆ ಪಿಡಿಎಫ್ ಒಂದನ್ನೂ ಸೇರಿಸುವುದು ಕ್ಷೇಮ.

ಇಂಗ್ಲಿಷಿನಲ್ಲಿ ಬರೆದವರಿಗೆ, ಅಥವಾ ತಮ್ಮ ಕನ್ನಡ ಕೃತಿಯ ಒಳ್ಳೆಯ ಅನುವಾದವನ್ನು ಕೈಯಲ್ಲಿಟ್ಟುಕೊಂಡವರಿಗೆ, ಏಜೆಂಟರ ದಾರಿ ತೆರೆದಿದೆ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಾಕರಂಡಾ, ಜೈಪುರದ ಸಿಯಾಹಿ, ದೆಹಲಿಯ ರೈಟರ್ಸ್ ಸೈಡ್ ಈ ಕ್ಷೇತ್ರದಲ್ಲಿ ಕೇಳಿಬರುವ ಹೆಸರುಗಳು. ಯಾವುದೇ ಏಜೆಂಟರಿಗೆ ಬರೆಯುವ ಮುನ್ನ ಅವರು ಮಕ್ಕಳ ಕೃತಿಗಳನ್ನು ತೆಗೆದುಕೊಳ್ಳುತ್ತಾರೆಯೇ, ಸದ್ಯ ಹೊಸ ಹಸ್ತಪ್ರತಿಗಳನ್ನು ಸ್ವೀಕರಿಸುತ್ತಿದ್ದಾರೆಯೇ ಎಂಬುದನ್ನು ಅವರದೇ ಸೂಚನೆಗಳಲ್ಲಿ ಓದಿಕೊಳ್ಳಬೇಕು. ಇಂಗ್ಲಿಷ್ ಪ್ರಕಾಶನದಲ್ಲಿ ವಯಸ್ಸಿನ ವಿಭಾಗಕ್ಕೆ ಬಹಳ ಬೆಲೆಯಿದೆ: ಎಂಟರಿಂದ ಹನ್ನೆರಡು ವರ್ಷದವರ ಕಾದಂಬರಿ ಸುಮಾರು 30,000ದಿಂದ 50,000 ಪದಗಳ ಆಸುಪಾಸಿನಲ್ಲಿರುತ್ತದೆ. ‘ಎಲ್ಲ ವಯಸ್ಸಿನವರೂ ಓದಬಹುದು’ ಎಂದು ಬರೆದವರ ಪತ್ರ ಅಲ್ಲಿಗೇ ನಿಲ್ಲುತ್ತದೆಂದು ತಿಳಿಯಿರಿ.

ಏಜೆಂಟರಿಗೆ ಸಾಮಾನ್ಯವಾಗಿ ಕಳುಹಿಸಬೇಕಾದದ್ದು ಒಂದು ಪುಟದ ಪತ್ರ, ಒಂದೆರಡು ಪುಟಗಳ ಕಥಾಸಾರ ಮತ್ತು ಮೊದಲ ಮೂರು ಅಧ್ಯಾಯಗಳು. ಕಥಾಸಾರದಲ್ಲಿ ಅಂತ್ಯವನ್ನು ಮುಚ್ಚಿಡಬಾರದು. ಕುತೂಹಲ ಉಳಿಸುವುದು ಪುಸ್ತಕದ ಬೆನ್ನುಪುಟದ ಕೆಲಸ. ಇವೆಲ್ಲಕ್ಕಿಂತ ಹೆಚ್ಚು ಕಾಲ ಬೇಡುವುದು ಪತ್ರ. ಶಿಡ್ಲಘಟ್ಟದ ಕಡೆಯ ಗೆಳತಿಯೊಬ್ಬರು ತಮ್ಮ ಪತ್ರವನ್ನು ನನಗೆ ತೋರಿಸಿದಾಗ ಮೊದಲ ಸಾಲು ಹೀಗಿತ್ತು: ‘ನನ್ನ ಕಾದಂಬರಿಯು ಮಕ್ಕಳಲ್ಲಿ ಶ್ರಮದ ಗೌರವವನ್ನೂ ಸ್ನೇಹದ ಮೌಲ್ಯವನ್ನೂ ಬಿತ್ತುತ್ತದೆ.’ ಇದನ್ನು ಓದಿದವರಿಗೆ ಕಥೆ ಏನೆಂಬುದು ಎಳ್ಳಷ್ಟೂ ತಿಳಿಯುವುದಿಲ್ಲ. ನಾವಿಬ್ಬರೂ ಒಂದು ಮಧ್ಯಾಹ್ನ ಕುಳಿತು ಅದನ್ನು ಹೀಗೆ ತಿದ್ದಿದೆವು: ‘ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ ಎದ್ದ ಬೆಳಿಗ್ಗೆಯೇ ಹನ್ನೊಂದು ವರ್ಷದ ಸಲ್ಮಾಳ ಅಪ್ಪ ಆಸ್ಪತ್ರೆ ಸೇರುತ್ತಾನೆ. ಹುಳು ಹಣ್ಣಾಗಿ ಚಂದ್ರಿಕೆ ಏರಲು ಇನ್ನೊಂದು ವಾರವಿದೆ. ಸೊಪ್ಪು ಮೂರು ದಿನಕ್ಕಷ್ಟೇ ಇದೆ. ಪಕ್ಕದ ತೋಟದಲ್ಲಿ ಹಿಪ್ಪುನೇರಳೆ ಸೊಂಪಾಗಿದೆ, ಆದರೆ ಆ ಮನೆಯ ಹುಡುಗನೊಂದಿಗೆ ಅವಳು ಮಾತು ಬಿಟ್ಟು ವರ್ಷವಾಗಿದೆ.’ (ಜ್ವರವೆಂದರೆ ಹುಳು ಪೊರೆ ಬಿಡುವ ಹಂತ, ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟುವ ತಟ್ಟೆ.) ಶ್ರಮವೂ ಸ್ನೇಹವೂ ಇಲ್ಲಿಯೂ ಇವೆ, ಹೆಸರು ಹಿಡಿದು ಕರೆದಿಲ್ಲ ಅಷ್ಟೆ. ಜ್ವರ, ಚಂದ್ರಿಕೆ ಎಂಬ ಮಾತುಗಳನ್ನು ದೆಹಲಿಯ ಏಜೆಂಟರಿಗಾಗಿ ಇಂಗ್ಲಿಷಿನಲ್ಲಿ ಸಪ್ಪೆ ಮಾಡಬೇಕೇ ಎಂದು ಗೆಳತಿ ಕೇಳಿದರು. ಬೇಡವೆಂದೇ ನನ್ನ ಅಭಿಪ್ರಾಯ; ಸುತ್ತಲಿನ ವಾಕ್ಯ ಅರ್ಥ ಹೊತ್ತರೆ ಸಾಕು.

ಪತ್ರದ ಉಳಿದ ಭಾಗದಲ್ಲಿ ವಯೋಮಾನ, ಪದಸಂಖ್ಯೆ ಮತ್ತು ನಿಮ್ಮ ಬಗ್ಗೆ ಎರಡು ವಾಕ್ಯ ಇದ್ದರೆ ಆಯಿತು. ಶಾಲೆಯ ಮಕ್ಕಳಿಗೆ ಓದಿ ಹೇಳಿದಾಗ ಬಹಳ ಇಷ್ಟಪಟ್ಟರು ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಮೇಷ್ಟ್ರು ಓದಿದ್ದನ್ನು ಮಕ್ಕಳು ಚೆನ್ನಾಗಿಲ್ಲ ಎನ್ನುವುದುಂಟೇ? ಒಮ್ಮೆಗೆ ಐದಾರು ಏಜೆಂಟರಿಗೆ ಕಳುಹಿಸುವುದು ತಪ್ಪಲ್ಲ, ಆದರೆ ಪ್ರತಿಯೊಬ್ಬರಿಗೂ ಬೇರೆ ಪತ್ರವಿರಲಿ, ಯಾರಿಗೆ ಯಾವ ದಿನ ಕಳುಹಿಸಿದಿರೆಂದು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಎರಡು ಮೂರು ತಿಂಗಳು ಉತ್ತರ ಬಾರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಬಹುದು. ಆಮೇಲೂ ಮೌನವಾದರೆ ಅದನ್ನೇ ಉತ್ತರವೆಂದುಕೊಂಡು ಮುಂದಿನ ಹೆಸರಿಗೆ ಹೋಗುವುದು.

ಹಣದ ವಿಷಯದಲ್ಲಿ ನಾನೇ ಏಟು ತಿಂದವನು. ಹಸ್ತಪ್ರತಿ ಓದಲು ಶುಲ್ಕವೆಂದೂ, ಮುದ್ರಣಕ್ಕೆ ಲೇಖಕರ ಪಾಲೆಂದೂ ಹಣ ಕಟ್ಟಿಸಿಕೊಂಡವರು ಕೊನೆಗೆ ಮುನ್ನೂರು ಪ್ರತಿಗಳನ್ನು ಟೆಂಪೋದಲ್ಲಿ ಮನೆ ಬಾಗಿಲಿಗೆ ತಂದಿಳಿಸಿದರು. ಅವುಗಳಲ್ಲಿ ಅರ್ಧ ಇಂದಿಗೂ ಅಟ್ಟದ ಮೇಲಿವೆ. ಒಳ್ಳೆಯ ಏಜೆಂಟ್ ಸಾಮಾನ್ಯವಾಗಿ ಓದಲು ಶುಲ್ಕ ಕೇಳುವುದಿಲ್ಲ. ಪುಸ್ತಕ ಒಪ್ಪಿತವಾಗಿ ನಿಮಗೆ ಹಣ ಬಂದಾಗ ಮಾತ್ರ ಅವರಿಗೂ ಬರುತ್ತದೆ.

ಯಾರಾದರೂ ಒಪ್ಪಿದರೆ ಸಂತೋಷದಲ್ಲಿ ಅಂದೇ ಸಹಿ ಹಾಕಬೇಡಿ. ನಿಮ್ಮ ಹಸ್ತಪ್ರತಿ ಇರುವ ಉಳಿದ ಏಜೆಂಟರಿಗೆ ವಿಷಯ ತಿಳಿಸಿ, ಒಂದು ವಾರ ಕೇಳಿ ಪಡೆಯಿರಿ. ಏಜೆಂಟರೊಂದಿಗಿನ ಒಪ್ಪಂದದಲ್ಲಿ ಕಮಿಷನ್ ಎಷ್ಟು, ಬಿಟ್ಟುಹೋಗಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದಿರಲಿ. ಪ್ರಕಾಶಕರ ಒಪ್ಪಂದ ಬಂದಾಗ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮನ್ನು ನೆನಪಿಟ್ಟುಕೊಂಡು ಓದಿ: ಹಕ್ಕುಗಳ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು, ಅವಧಿ ನಮೂದಾಗದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಾಗದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ಪರಿಗಣಿಸುತ್ತದೆ. ಅನುವಾದ, ಧ್ವನಿಪುಸ್ತಕ, ಚಲನಚಿತ್ರ ಈ ಹಕ್ಕುಗಳು ಯಾರ ಬಳಿ ಉಳಿಯುತ್ತವೆ ಎಂಬುದನ್ನು ಒಂದೊಂದಾಗಿ ಬರೆಸಿಕೊಳ್ಳಿ. ಇಂಗ್ಲಿಷಿನಲ್ಲಿ ಬರೆದವರು ಕನ್ನಡ ಅನುವಾದದ ಹಕ್ಕನ್ನಾದರೂ ತಮ್ಮಲ್ಲೇ ಇಟ್ಟುಕೊಳ್ಳಲು ಕೇಳಿ ನೋಡಬೇಕು. ಸಲ್ಮಾಳ ಕಥೆಯನ್ನು ಶಿಡ್ಲಘಟ್ಟದ ಮಗುವೊಂದು ಅದರದೇ ಮಾತಿನಲ್ಲಿ ಓದಬೇಕಾದರೆ ಆ ಒಂದು ಸಾಲು ಒಪ್ಪಂದದಲ್ಲಿರಬೇಕು.