ಅವ್ವನಿಗೆ ಓದಿದ ಕರ್ವಾಲೊ

ನಾನು ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋಗಿ ಬರುವವನು. ಹೆಚ್ಚು ಕಡಿಮೆ 20 ಕಿಲೋಮೀಟರ್. ಬಸ್ಸಿನಲ್ಲಿ ಪುಸ್ತಕ ಹಿಡಿದರೆ ತಲೆ ಸುತ್ತುತ್ತದೆ, ಅದಕ್ಕೇ ಆಡಿಯೋ ಪುಸ್ತಕ ಶುರು ಮಾಡಿದೆ. ಮೊದಲಿಗೆ ಒಂದು ಪತ್ತೇದಾರಿ ಕಾದಂಬರಿ, ಅದೂ ಒಂದೂವರೆ ಪಟ್ಟು ವೇಗದಲ್ಲಿ. ಕೊಂದವನು ಯಾರು ಅಂತ ಗೊತ್ತಾಗುವಷ್ಟರಲ್ಲಿ ಸತ್ತವನು ಯಾರು ಅನ್ನೋದೇ ಮರೆತಿತ್ತು. ಆಮೇಲೆ ವೇಗದ ಬಟನ್ ಮುಟ್ಟಿಲ್ಲ.

ಈ ನಡುವೆ ಅವ್ವನಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಕೆಲವು ದಿನ ಓದುವಂತಿಲ್ಲ. "ನೀನ ಓದಿ ಫೋನಿನ್ಯಾಗ ಹಾಕಿ ಕೊಡಪಾ" ಅಂದಳು.

ನನಗೆ ಇಷ್ಟ ಅಂತ ಯಶವಂತ ಚಿತ್ತಾಲರ 'ಶಿಕಾರಿ' ಹಿಡಿದೆ. ತಪ್ಪಾಯ್ತು. ಕಥಾನಾಯಕ ನಾಗಪ್ಪನ ಭಯ, ಸಂಶಯ ಎಲ್ಲ ಅವನ ತಲೆಯೊಳಗೇ ಸುತ್ತುತ್ತವೆ. ಪುಟದಲ್ಲಾದರೆ ಎಳೆ ತಪ್ಪಿದಾಗ ಕಣ್ಣು ಒಂದು ಸಾಲು ಹಿಂದೆ ಹೋಗಿ ಬರುತ್ತದೆ. ಕಿವಿಗೆ ಆ ಸವಲತ್ತಿಲ್ಲ. ಮೂರನೇ ದಿನಕ್ಕೆ ಅವ್ವ, "ಈ ನಾಗಪ್ಪ ಬಾಳ ವಿಚಾರ ಮಾಡ್ತಾನ. ಒಂದೀಟು ಮಲಕೋ ಅನ್ನು ಅವಗ" ಅಂದಳು.

ಆಮೇಲೆ ತೇಜಸ್ವಿಯವರ 'ಕರ್ವಾಲೊ'. 1980ರ ಪುಸ್ತಕ, ಈಗಲೂ ಬಾಯಿಗೆ ಎಷ್ಟು ಹಗುರ! ಅಲ್ಲಿ 'ನಾನು' ಅನ್ನುವವನೇ ಕಥೆ ಹೇಳುತ್ತಾನೆ. ಕಟ್ಟೆ ಮೇಲೆ ಕೂತು ಹರಟಿದ ಹಾಗೇ ಇರುತ್ತದೆ. ಜೇನು, ಮಂದಣ್ಣ, ಕಿವಿ ಅನ್ನೋ ನಾಯಿ ಅಂತ ಸುಮ್ನೆ ಸಾಗುತ್ತಾ ಹಾರುವ ಓತಿಯ ಹಿಂದೆ ಕಾಡಿಗೆ ಬಿದ್ದಿರುತ್ತೇವೆ. ಅದರಲ್ಲಿ ಬರುವ ಪ್ಯಾರನಿಗೆ ಬೇರೆ ದನಿ ಮಾಡಿ ಓದಿದೆ. ವಾಪಸ್ ಕೇಳಿದಾಗ ನನಗೇ ನಾಚಿಕೆ. ಅಳಿಸಿ ಸಾದಾ ಓದಿದೆ. ಅವ್ವನಿಗೆ ಯಾರು ಮಾತಾಡಿದರು ಅನ್ನೋದು ಎಲ್ಲೂ ತಪ್ಪಲಿಲ್ಲ.

ರೆಕಾರ್ಡಿಂಗಿಗೆ ಸಣ್ಣ ಕೋಣೆ. ಬಾಗಿಲಿಗೆ ಎರಡು ಕೌದಿ ಇಳಿಬಿಟ್ಟರೆ ಗುಂಯ್‌ಗುಡುವುದು ನಿಲ್ಲುತ್ತದೆ. ಫೋನು ಬಾಯಿಗೆ ನೇರ ಇದ್ದರೆ ಪ, ಭ ಬಂದಾಗಲೆಲ್ಲ ಊದಿದ ಸದ್ದು, ಹಾಗಾಗಿ ಒಂದು ಗೇಣು ದೂರ, ಸ್ವಲ್ಪ ಓರೆ. ಒಂದು ಸಲಕ್ಕೆ 20 ನಿಮಿಷ ಸಾಕು, ಆಮೇಲೆ ದನಿ ಸೋಲುತ್ತದೆ. ಒಂದು ಕಂತಿನಲ್ಲಿ ನಮ್ಮ ಕುಕ್ಕರಿನ ಸೀಟಿ ಸೇರಿಬಿಟ್ಟಿತ್ತು. ಮರುದಿನ ಕೇಳುತ್ತಾ ಕೂತಿದ್ದ ಅವ್ವ ಇಯರ್‌ಫೋನ್ ತೆಗೆಯದೇ, "ಮೂರು ಆತು, ಗ್ಯಾಸ್ ಬಂದ್ ಮಾಡ್ರಿ" ಅಂತ ಕೂಗಿದಳು.

ಆದರೆ ನನ್ನ ಸೊಕ್ಕು ಇಳಿಸಿದ್ದು ದೇವನೂರ ಮಹಾದೇವರ 'ಕುಸುಮಬಾಲೆ'. ಅದು ನಂಜನಗೂಡು ಸೀಮೆಯ ಮಾತು. ಧಾರವಾಡದ ನಾನು ಪುಟಕ್ಕೆ ಮೂರು ಕಡೆ ಎಡವಿ, ಎರಡು ಸಲ ಅರ್ಧಕ್ಕೇ ಬಿಟ್ಟಿದ್ದೆ. ಆಫೀಸಿನಲ್ಲಿ ಚಾಮರಾಜನಗರ ಕಡೆಯ ಗೆಳೆಯನೊಬ್ಬ ಇದ್ದಾನೆ. ಊಟದ ಹೊತ್ತಿಗೆ ಪುಸ್ತಕ ಕೊಟ್ಟು "ಓದು ಮಾರಾಯಾ" ಅಂದೆ. ಜೋತಮ್ಮಗಳು, ಅಂದರೆ ದೀಪಗಳು, ಮಾತಾಡುವ ಭಾಗ ಓದಿದ. ಡಬ್ಬಿಯಲ್ಲಿ ರೊಟ್ಟಿ ಹಾಗೇ ಉಳಿಯಿತು. ನಾನು ಕಾಗುಣಿತ ಹಿಡಿದು ಓದಿದ್ದು ಅವನ ಬಾಯಲ್ಲಿ ಮನೆ ಮಾತಾಗಿತ್ತು. ಈಗ ರಾತ್ರಿ ನಾಲ್ಕು ಪುಟ ಓದಿ ವಾಟ್ಸಾಪಿನಲ್ಲಿ ಕಳಿಸುತ್ತಾನೆ.

ಮೊನ್ನೆ ಅವ್ವನಿಗೂ ಒಂದು ಕಂತು ಹಚ್ಚಿ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದಳು.

"ಯಾವೂರಾವೋ ಇವ? ಅರ್ಧ ಮಾತು ತಿಳೀವಲ್ದು."

ನಿಲ್ಲಿಸಲು ಕೈ ಚಾಚಿದೆ.

"ಏ, ಬಂದ್ ಮಾಡಬ್ಯಾಡ."